ಬೀಗದ ಪುಸ್ತಕ

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಶಾಲೆಯ ಸಿಬ್ಬಂದಿ ಕೋಣೆಯ ನೋಟಿಸ್ ಬೋರ್ಡಿನ ಮುಂದೆ ಹನ್ನೊಂದು ಜನ ನಿಂತಿದ್ದರು. ಹನ್ನೆರಡನೆಯವರಾಗಿ ಸಂಗೀತದ ಟೀಚರ್ ಒಳಗೆ ಬಂದರು. ಎಲ್ಲರೂ ಸರಿದು ದಾರಿ ಬಿಟ್ಟರು.

ಬೋರ್ಡಿನಲ್ಲಿ ಪರೀಕ್ಷೆಯ ವೇಳಾಪಟ್ಟಿ, ರಜೆಯ ಪಟ್ಟಿ, ಯಾರದೋ ಕಳೆದುಹೋದ ಛತ್ರಿಯ ವಿಚಾರ. ಅವುಗಳ ನಡುವೆ ಒಂದು ಹೊಸ ಹಾಳೆ. ನಾಲ್ಕು ಮೂಲೆಗೂ ನಾಲ್ಕು ಪಿನ್ನು. ಮೇಲೆ ಕಿವಿ ಡಾಕ್ಟರ ಕ್ಲಿನಿಕ್ಕಿನ ಹೆಸರು. ಅದರ ಕೆಳಗೆ ಟೀಚರ ಹೆಸರು, ವಯಸ್ಸು. ಎಡಗಿವಿ ಮುಕ್ಕಾಲು ಪಾಲು ಕೇಳುವುದಿಲ್ಲ, ಮುಂದೆ ಇನ್ನೂ ಕುಗ್ಗಲಿದೆ, ವಾಸಿಯಾಗುವ ಲಕ್ಷಣವಿಲ್ಲ. ಮೂರು ಪ್ಯಾರಾದಲ್ಲಿ ಇಷ್ಟು ಬರೆದಿತ್ತು.

ಟೀಚರ್ ಮೇಲಿನಿಂದ ಕೆಳಗಿನವರೆಗೆ ಓದಿದರು. ಪಿನ್ನುಗಳನ್ನು ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕಿದರು. ಹಾಳೆ ಮಡಚಿ ಕೈಯಲ್ಲಿ ಹಿಡಿದು ಹತ್ತಿರದ ಕುರ್ಚಿಯಲ್ಲಿ ಕುಸಿದರು.

ಪೊಲೀಸರಿಗೆ ಫೋನ್ ಮಾಡಿದ್ದು ಹೆಡ್‌ಮಾಸ್ಟರು.

*

ಬಂದದ್ದು ಇನ್ಸ್‌ಪೆಕ್ಟರಮ್ಮ. ಊರಿನವರೆಲ್ಲ ಅವರನ್ನು ಕರೆಯುವುದೇ ಹಾಗೆ. ಬಾಯಲ್ಲಿ ಸದಾ ಒಂದು ಪೆಪ್ಪರ್‌ಮಿಂಟು. ಹಿಂದೊಮ್ಮೆ ಆರು ತಿಂಗಳು ಕಂಪ್ಯೂಟರ್ ಅಪರಾಧಗಳ ವಿಭಾಗದಲ್ಲಿದ್ದರು. ಅಲ್ಲಿ ಕಲಿತದ್ದಕ್ಕಿಂತ ಬೈಸಿಕೊಂಡದ್ದೇ ಹೆಚ್ಚು, ಆದರೆ ಬೈಸಿಕೊಂಡು ಕಲಿತದ್ದನ್ನು ಮರೆತಿರಲಿಲ್ಲ. ಹಿಂದೆಯೇ ದಫೇದಾರ. ಅವನಿಗೆ ಯಾವ ಕೇಸೂ ಮಧ್ಯಾಹ್ನದ ಊಟದೊಳಗೆ ಮುಗಿಯಬೇಕು.

ಟೀಚರ್ ಕುರ್ಚಿ ತಿರುಗಿಸಿ ಇನ್ಸ್‌ಪೆಕ್ಟರಮ್ಮನನ್ನು ತಮ್ಮ ಎಡಪಕ್ಕಕ್ಕೆ ಕೂರಿಸಿಕೊಂಡರು.

"ಈಗ ಹೇಳಿ. ಕೇಳಿಸುತ್ತೆ."

"ಈ ವಿಷಯ ಯಾರಿಗೆಲ್ಲ ಗೊತ್ತಿತ್ತು?"

"ನನಗೆ. ಡಾಕ್ಟರಿಗೆ. ಮನೆಯಲ್ಲೂ ಬಾಯಿ ಬಿಟ್ಟಿಲ್ಲ. ಕಿವಿಗೆ ಯಂತ್ರ ಹಾಕ್ಕೊಂಡ್ರೆ ಇನ್ನೂ ಹತ್ತು ವರ್ಷ ಪಾಠ ಮಾಡಬಹುದು ಅಂದ್ರು ಡಾಕ್ಟರು. ಯಂತ್ರ ಬಂದ ಮೇಲೆ ನಾನೇ ಎಲ್ಲರಿಗೂ ಹೇಳೋಣ ಅಂತಿದ್ದೆ."

"ಈಗ?"

"ಅನರ್ಹಳು ಅಂತ ಒಂದು ಸಾಲು ಬರೆದ್ರೆ ಮುಗೀತು. ಇಪ್ಪತ್ತೆರಡು ವರ್ಷ ಹಾಡಿಸಿದೀನಿ, ಮೇಡಂ."

"ಯಾರ ಜೊತೆಗಾದ್ರೂ ಮನಸ್ತಾಪ?"

"ಡ್ರಿಲ್ ಮೇಷ್ಟ್ರ ಸೀಟಿಗೂ ನನ್ನ ಕ್ಲಾಸಿಗೂ ದಿನಾ ಜಗಳ. ಆಡಳಿತ ಸಮಿತಿಯಲ್ಲಿ ಶಿಕ್ಷಕರ ಪರವಾಗಿ ಕೂರೋಳು ನಾನು. ಅಲ್ಲಿ ಒಂದೆರಡಕ್ಕೆ ಬೇಡ ಅಂದಿದೀನಿ. ಇಷ್ಟಕ್ಕೆಲ್ಲ ಹೀಗೆ ಮಾಡ್ತಾರಾ?"

ಇನ್ಸ್‌ಪೆಕ್ಟರಮ್ಮ ಹಾಳೆಯನ್ನು ಇನ್ನೊಮ್ಮೆ ಓದಿದರು. ಎಡಗಿವಿ ಎಂದೇ ಇತ್ತು. ಟೀಚರ್ ಮಾತು ಕೇಳಿಸಿಕೊಳ್ಳುತ್ತಿದ್ದದ್ದೂ ಎಡಗಿವಿಯಲ್ಲೇ. ಪೆಪ್ಪರ್‌ಮಿಂಟು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಿಯಿತು.

*

ಹೆಡ್‌ಮಾಸ್ಟರ ಕೋಣೆಯಲ್ಲಿ ಕಡತಗಳ ಗುಡ್ಡೆ. ಅಟೆಂಡರ್ ಒಂದೊಂದೇ ಹಾಳೆ ಮುಂದಿಡುತ್ತಿದ್ದ, ಹೆಡ್‌ಮಾಸ್ಟರು ಇವರ ಜೊತೆ ಮಾತಾಡುತ್ತಲೇ ಸಹಿ ಎಳೆಯುತ್ತಿದ್ದರು. ಹೆಸರಿನ ಕೊನೆಯ ಅಕ್ಷರದ ಬಾಲ ಇಡೀ ಹೆಸರಿನ ಅಡಿಯಲ್ಲಿ ಹಿಂದಕ್ಕೆ ಓಡುತ್ತಿತ್ತು. ಅದರ ತುದಿಗೆ ಎರಡು ಚುಕ್ಕಿ.

"ನನ್ನ ಶಾಲೇಲಿ ಇಂಥದ್ದು! ತಲೆ ಎತ್ತೋ ಹಾಗಿಲ್ಲ ಮೇಡಂ. ಇದು ಕ್ಲಿನಿಕ್‌ನವರ ಬೇಜವಾಬ್ದಾರಿ. ಮನೆಯಲ್ಲಿ ಕೂತು ಟೈಪ್ ಮಾಡೋರ ಕೈಗೆ ಇಂಥ ಗುಟ್ಟು ಕೊಟ್ರೆ ಇನ್ನೇನಾಗುತ್ತೆ? ಮೊದಲು ಅವಳನ್ನ ಹಿಡೀರಿ."

"ಸಿಬ್ಬಂದಿ ಕೋಣೆಯ ಕೀಲಿಕೈ ಯಾರ ಹತ್ರ ಇರುತ್ತೆ?"

"ಅಟೆಂಡರ್ ಹತ್ರ ಒಂದು. ಡ್ರಿಲ್ ಮೇಷ್ಟ್ರು ಬೇಗ ಬರ್ತಾರೆ, ಅವರ ಹತ್ರ ಒಂದು. ನನ್ನ ಹತ್ರ ಒಂದು."

ದಫೇದಾರ ದೂರು ಬರೆದು ಮುಂದಿಟ್ಟ. ಹೆಡ್‌ಮಾಸ್ಟರು ಪೆನ್ನು ಆಗಲೇ ಎತ್ತಿದ್ದರು.

"ಓದಿ ನೋಡಿ ಸಾರ್," ಎಂದರು ಇನ್ಸ್‌ಪೆಕ್ಟರಮ್ಮ.

"ಏನು ಓದೋದು ಮೇಡಂ. ದಿನಕ್ಕೆ ಮುನ್ನೂರು ಸಹಿ ಹಾಕೋ ಕೈ ಇದು." ಬಾಲ ಹಿಂದಕ್ಕೆ ಓಡಿತು. ಎರಡು ಚುಕ್ಕಿ ಬಿದ್ದವು.

*

ಕಿವಿ ಡಾಕ್ಟರು ತಮ್ಮ ಕಡತದಿಂದ ವರದಿ ತೆಗೆದು ತೋರಿಸಿದರು. ಅದರಲ್ಲಿ ಬಲಗಿವಿ ಎಂದಿತ್ತು. ಮಿಕ್ಕದ್ದೆಲ್ಲ ಅಕ್ಷರಕ್ಕಕ್ಷರ ಅದೇ.

"ಹೋಗಿರೋದು ಬಲಗಿವಿನೇ. ಎಡಗಿವಿ ಗಟ್ಟಿಯಾಗಿದೆ. ಬೋರ್ಡಿನ ಮೇಲಿದ್ದದ್ದು ನಮ್ಮ ಕ್ಲಿನಿಕ್‌ನಿಂದ ಹೋದ ಪ್ರತಿ ಅಲ್ಲ."

"ಟೈಪ್ ಮಾಡೋರು?"

ಡಾಕ್ಟರ ಮುಖ ಗಂಟಾಯಿತು. "ನಾನು ಮಾತಾಡಿ ರೆಕಾರ್ಡ್ ಮಾಡ್ತೀನಿ. ಒಬ್ಬ ಹೆಣ್ಣುಮಗಳು ಪ್ರತಿ ಶನಿವಾರ ಬಂದು ತಗೊಂಡು ಹೋಗ್ತಾಳೆ, ಮನೇಲಿ ಟೈಪ್ ಮಾಡಿ ಕಳಿಸ್ತಾಳೆ. ಹೊರಗೆ ಕೊಡ್ತೀವಿ ಅಂತ ನಮ್ಮ ರೋಗಿಗಳಿಗೂ ಗೊತ್ತಿಲ್ಲ. ಎಂಟು ವರ್ಷ ಒಂದು ತಪ್ಪು ಮಾಡಿರಲಿಲ್ಲ. ಇವತ್ತಿನಿಂದ ಅವಳಿಗೆ ಕೆಲಸ ಇಲ್ಲ. ಅವಳದೇ ತಪ್ಪು ಅಂತ ಆದ್ರೆ ಕೇಸೂ ಹಾಕ್ತೀನಿ. ಇನ್ನು ಯಾವ ಡಾಕ್ಟರೂ ಅವಳನ್ನ ಹತ್ರ ಸೇರಿಸಲ್ಲ."

ಹೊರಗೆ ಬಂದ ಮೇಲೆ ದಫೇದಾರ ಗಡಿಯಾರ ನೋಡಿಕೊಂಡ. ಹನ್ನೆರಡೂವರೆ. "ಮುಗೀತಲ್ಲ ಮೇಡಂ?"

"ರೋಗಿಗಳಿಗೇ ಗೊತ್ತಿಲ್ಲದ್ದು ಹೆಡ್‌ಮಾಸ್ಟರಿಗೆ ಹೇಗೆ ಗೊತ್ತಾಯ್ತು?" ಎಂದರು ಇನ್ಸ್‌ಪೆಕ್ಟರಮ್ಮ.

*

ಮನೆ ಎರಡು ಅಂತಸ್ತಿನದು. ಕೆಳಗೆ ಪೋಸ್ಟಜ್ಜ, ಬಸ್ ಓಡಿಸುವ ಮಗ, ಡಾಕ್ಟರಿಗೆ ಟೈಪ್ ಮಾಡಿಕೊಡುವ ಸೊಸೆ. ಮೇಲೆ ಬಾಡಿಗೆಗೆ ಡ್ರಿಲ್ ಮೇಷ್ಟ್ರು. ಅದೇ ಶಾಲೆಯ, ಅದೇ ಸೀಟಿಯ ಡ್ರಿಲ್ ಮೇಷ್ಟ್ರು. ಇದನ್ನು ಕೇಳಿ ದಫೇದಾರನ ಕಿವಿ ನೆಟ್ಟಗಾಯಿತು.

ಪೋಸ್ಟಜ್ಜ ಮೂವತ್ತೈದು ವರ್ಷ ಪೋಸ್ಟ್‌ಮ್ಯಾನ್ ಆಗಿದ್ದವನು. ನಿವೃತ್ತನಾಗಿ ಏಳು ವರ್ಷವಾದರೂ ಮನೆಗೆ ಬಂದ ಪತ್ರಿಕೆಗಳನ್ನು ಹಲಗೆಯ ಖಾನೆಗಳಲ್ಲಿ ಬೇರೆಬೇರೆ ಇಡುತ್ತಿದ್ದ. ತೆರೆದ ಪೋಸ್ಟ್‌ಕಾರ್ಡನ್ನೂ ಅವನು ಓದಿದವನಲ್ಲ ಎಂದು ಬೀದಿಯವರು ಹೇಳುತ್ತಿದ್ದರು. ಬೀದಿಯಲ್ಲಿ ಯಾರಿಗೆ ಏನು ಪ್ರಿಂಟ್ ಬೇಕಿದ್ದರೂ ಅವನ ಮನೆಗೇ ಬರುವುದು.

ಕಂಪ್ಯೂಟರ್ ಹಾಲಿನ ಮೂಲೆಯಲ್ಲಿತ್ತು. ಕಿವಿಗೆ ಹಾಕುವ ಹೆಡ್‌ಫೋನ್, ಮೇಜಿನ ಕೆಳಗೆ ಕಾಲಲ್ಲಿ ಒತ್ತಿ ರೆಕಾರ್ಡಿಂಗ್ ನಿಲ್ಲಿಸುವ ಪೆಡಲ್. ಮೇಜಿನ ಕಾಲಿಗೆ ದಾರ ಕಟ್ಟಿ ಇಳಿಬಿಟ್ಟ ಒಂದು ಬಾಲ್‌ಪೆನ್ನು. ಅದರ ಹತ್ತಿರ ಬರೆಯಲು ಒಂದು ಚೂರು ಕಾಗದವೂ ಇರಲಿಲ್ಲ.

ಸೊಸೆಯ ಕಣ್ಣುಗಳು ಕೆಂಪಗಿದ್ದವು. ಕೆಲಸ ಹೋದ ಸುದ್ದಿ ಆಗಲೇ ಫೋನಿನಲ್ಲಿ ಬಂದಿತ್ತು.

"ಎಡಗಿವಿ ಅಂತ ನೀವು ಟೈಪ್ ಮಾಡಿದ್ರಾ?"

"ಮಾಡಿದ್ದೆ." ಮುಚ್ಚಿಡಲು ಅವಳು ನೋಡಲಿಲ್ಲ. "ಹಿಂದಿನ ರೋಗಿಯ ವರದಿ ತೆಗೆದು ಅದರ ಮೇಲೇ ಹೊಸದನ್ನ ತುಂಬೋದು ನನ್ನ ಪದ್ಧತಿ. ಎಡ ಅನ್ನೋದು ಹಳೇದರಲ್ಲಿ ಇದ್ದದ್ದು, ಹಾಗೇ ಉಳಿದುಬಿಡ್ತು. ಬುಧವಾರ ಹನ್ನೊಂದಕ್ಕೆ ಟೈಪ್ ಮಾಡಿ ಇಟ್ಟೆ. ಊಟ ಮಾಡ್ಕೊಂಡು ಬಂದು ಮತ್ತೆ ಕೇಳಿ ನೋಡಿದಾಗ ತಪ್ಪು ಸಿಕ್ತು. ಎರಡು ಗಂಟೆಗೆ ತಿದ್ದಿ ಕಳಿಸಿದೆ."

"ತಪ್ಪಾಗಿದ್ದ ಪ್ರತೀನ ಪ್ರಿಂಟ್ ತೆಗೆದಿದ್ರಾ?"

"ಇಲ್ಲ ಮೇಡಂ. ತಿದ್ದಿದ ಮೇಲೆ ಆ ತಪ್ಪು ಎಲ್ಲೂ ಇಲ್ಲ."

ಅಂದರೆ ಆ ತಪ್ಪಿನ ಆಯುಸ್ಸು ಮೂರೇ ಗಂಟೆ. ಕದ್ದವನು ಬುಧವಾರ ಹನ್ನೊಂದರಿಂದ ಎರಡರೊಳಗೇ ಕದ್ದಿರಬೇಕು.

"ಆ ಹೊತ್ತಲ್ಲಿ ಮನೇಲಿ ಯಾರಿದ್ರು?"

"ಇವರು ಬೆಳಿಗ್ಗೆ ಆರಕ್ಕೇ ಡ್ಯೂಟಿಗೆ ಹೋಗಿದ್ರು. ಮೇಷ್ಟ್ರು ಶಾಲೇಲಿ. ನಾನು, ಮಾವ, ಇಬ್ಬರೇ."

"ಬೇರೆಯವರು ನಿಮ್ಮ ಫೈಲು ತೆಗೆಯೋಕಾಗುತ್ತಾ?"

ಇದಕ್ಕೆ ಉತ್ತರ ಕೊಟ್ಟವನು ಪೋಸ್ಟಜ್ಜ. ಅವನ ಎದೆ ಸ್ವಲ್ಪ ಉಬ್ಬಿತು. "ಆಗಲ್ಲ ತಾಯಿ. ಪೋಸ್ಟಾಫೀಸಲ್ಲಿ ಬಾಡಿಗೆ ಡಬ್ಬಿ ಇರ್ತಾವಲ್ಲ, ಹಾಗೆ ಮಾಡಿದೀನಿ. ಮಗನಿಗೊಂದು ಖಾತೆ, ಸೊಸೆಗೊಂದು, ಮೇಲಿನ ಮೇಷ್ಟ್ರಿಗೊಂದು, ಪ್ರಿಂಟಿಗೆ ಬರೋರಿಗೊಂದು. ಒಬ್ಬರದ್ದು ಇನ್ನೊಬ್ಬರಿಗೆ ತೆರೆಯಲ್ಲ. ಹೊಸದೇನಾದ್ರೂ ಒಳಗೆ ಹಾಕಬೇಕು ಅಂದ್ರೆ ಯಜಮಾನ ಖಾತೆ, ಅಡ್ಮಿನಿಸ್ಟ್ರೇಟರ್ ಅಂತಾರಲ್ಲ, ಅದರ ಪಾಸ್‌ವರ್ಡೇ ಬೇಕು. ಅದು ನನ್ನ ತಲೆಯಲ್ಲಿ ಮಾತ್ರ ಇದೆ. ಹೆಂಡತಿಗೂ ಹೇಳಿರಲಿಲ್ಲ."

"ದಿನಾ ಆ ಖಾತೆಯಲ್ಲೇ ಕೂರ್ತೀರಾ?"

"ಛೆ! ನಾನು ಪೇಪರ್ ಓದೋದೂ ಪ್ರಿಂಟಿನ ಖಾತೆಯಲ್ಲೇ. ಮಾಸ್ಟರ್ ಕೀಲಿ ಸೊಂಟಕ್ಕೆ ಕಟ್ಕೊಂಡು ಬೀದಿ ತಿರುಗ್ತಾರಾ?"

ಇನ್ಸ್‌ಪೆಕ್ಟರಮ್ಮನಿಗೆ ಮುದುಕನ ಮೇಲೆ ಗೌರವ ಹುಟ್ಟಿತು. ಆರು ತಿಂಗಳು ಆ ವಿಭಾಗದಲ್ಲಿದ್ದರೂ ಸ್ವಂತ ಮನೆಯಲ್ಲಿ ಇಷ್ಟು ಶಿಸ್ತು ಅವರಿಗೇ ಇರಲಿಲ್ಲ.

*

ಡ್ರಿಲ್ ಮೇಷ್ಟ್ರು ನಾಲ್ಕೂವರೆಗೆ ಬಂದರು. ಕೊರಳಲ್ಲಿ ಸೀಟಿ, ಬೂಟಿನ ತುಂಬ ಮೈದಾನದ ಧೂಳು. ವಿಷಯ ಕೇಳುತ್ತಲೇ ಬೆವರಿದರು.

"ಮೇಡಂ, ಜಗಳ ಆಡಿದ್ದು ನಿಜ. ಅವರು ಹಾಡ್ತಾರೆ, ನಾನು ಸೀಟಿ ಊದ್ತೀನಿ. ಅದಕ್ಕೆ ಒಬ್ಬರ ಹೊಟ್ಟೆ ಮೇಲೆ ಹೊಡೀತೀನಾ?"

"ಕಂಪ್ಯೂಟರಲ್ಲಿ ಕೂತ್ಕೊಳ್ಳಿ. ನಿಮ್ಮ ಖಾತೆ ತೆಗೀರಿ. ಈಗ ಇವರ ಫೈಲು ತೆಗೀರಿ."

ಮೇಷ್ಟ್ರು ಒತ್ತಿದರು. ಅನುಮತಿ ಇಲ್ಲ ಎಂದು ಪರದೆ ಹೇಳಿತು. ಇನ್ನೊಂದು ದಾರಿಯಲ್ಲಿ ಒತ್ತಿಸಿದರು. ಅನುಮತಿ ಇಲ್ಲ. ಪೋಸ್ಟಜ್ಜನ ಡಬ್ಬಿಗಳು ಗಟ್ಟಿಯಾಗಿದ್ದವು.

"ಇಲ್ಲಿ ಕ್ಲಿನಿಕ್ಕಿನ ವರದಿ ಟೈಪ್ ಆಗುತ್ತೆ ಅಂತ ಶಾಲೇಲಿ ಯಾರಿಗಾದ್ರೂ ಹೇಳಿದ್ರಾ?"

ಮೇಷ್ಟ್ರು ತಲೆ ಕೆರೆದುಕೊಂಡರು. "ಹೋದ ತಿಂಗಳು ಸಿಬ್ಬಂದಿ ಕೋಣೇಲಿ ಏನೋ ಮಾತು ಬಂತು. ನಮ್ಮ ಮನೆ ಯಜಮಾನರ ಸೊಸೆ ದೊಡ್ಡ ಕಿವಿ ಡಾಕ್ಟರ ವರದಿ ಮನೇಲೇ ಟೈಪ್ ಮಾಡ್ತಾಳೆ ಅಂತ ಹೆಮ್ಮೆಯಿಂದ ಹೇಳಿದ್ದೆ. ಎಲ್ಲರೂ ಇದ್ರು."

ಸೊಸೆ ಮೇಷ್ಟ್ರನ್ನು ಸುಟ್ಟುಬಿಡುವ ಹಾಗೆ ನೋಡಿದಳು.

*

ಮಂಗಳವಾರ ಬೆಳಿಗ್ಗೆ ಇನ್ಸ್‌ಪೆಕ್ಟರಮ್ಮ ಠಾಣೆಗೆ ಬರುವ ಹೊತ್ತಿಗೆ ಪೋಸ್ಟಜ್ಜ ಮೆಟ್ಟಿಲ ಮೇಲೆ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಟವೆಲ್ಲು, ಮಾತ್ರೆ, ಹಲ್ಲುಜ್ಜುವ ಬ್ರಷ್ಷು. ಜೈಲಿಗೆ ಹೋಗಲು ಸಿದ್ಧನಾಗಿಯೇ ಬಂದಿದ್ದ.

"ನಾನೇ ಮಾಡಿದ್ದು ತಾಯಿ. ಬರ್ಕೊಳ್ಳಿ. ಯಜಮಾನ ಖಾತೆ ನನ್ನ ಕೈಲಿತ್ತು. ಸೊಸೆಯ ಫೈಲು ತೆಗೆದೆ, ಓದಿದೆ, ಪ್ರಿಂಟ್ ತೆಗೆದೆ."

ದಫೇದಾರ ಪೆನ್ನು ಹುಡುಕತೊಡಗಿದ. ಇನ್ಸ್‌ಪೆಕ್ಟರಮ್ಮ ಕೈ ಸನ್ನೆಯಲ್ಲೇ ಅವನನ್ನು ತಡೆದರು.

"ಓದಿದ್ರಿ ಅಲ್ವಾ? ಏನಂತ ಬರೆದಿತ್ತು?"

"ಕಿವಿ ಕೇಳಲ್ಲ ಅಂತ."

"ಯಾವ ಕಿವಿ?"

ಪೋಸ್ಟಜ್ಜ ಬಾಯಿ ತೆರೆದ. ಮುಚ್ಚಿದ. ನಿನ್ನೆ ಅವನ ಕಣ್ಣೆದುರೇ ಎಡ ಎಂಬ ಮಾತು ಬಂದಿತ್ತು, ತಿದ್ದಿದ ಮಾತೂ ಬಂದಿತ್ತು. ಆದರೆ ಪರರ ಕಾಗದದ ವಿಷಯ ಯಾರಾದರೂ ಎತ್ತಿದರೆ ಕಿವಿ ಮುಚ್ಚಿಕೊಳ್ಳುವ ಅಭ್ಯಾಸ ಮೂವತ್ತೈದು ವರ್ಷದ್ದು. ಅವನು ಕೇಳಿಸಿಕೊಂಡೇ ಇರಲಿಲ್ಲ.

"ಎರಡೂ," ಎಂದ ಕೊನೆಗೆ.

ಇನ್ಸ್‌ಪೆಕ್ಟರಮ್ಮನಿಗೆ ನಗು ಬಂತು. "ಯಜಮಾನರೇ, ಸುಳ್ಳು ಹೇಳೋಕೂ ಅಭ್ಯಾಸ ಬೇಕು. ನಡೀರಿ ಮನೆಗೆ. ನನಗೆ ಆ ಯಂತ್ರದ ಹತ್ರ ಮಾತಾಡೋದಿದೆ."

*

ಇನ್ಸ್‌ಪೆಕ್ಟರಮ್ಮ ಪ್ರಿಂಟಿನ ಖಾತೆ ತೆರೆದು ಕುರ್ಚಿಯಲ್ಲಿ ಕೂತರು. ಖಾತೆಗಳ ಪಟ್ಟಿ ನೋಡುವ ಜಾಗಕ್ಕೆ ಹೋದರು. ಪರದೆಯ ನಡುವೆ ಒಂದು ಚೌಕ ಎದ್ದಿತು. ಮುಂದುವರಿಯಲು ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಬೇಕು ಎಂದಿತು.

"ಇದು ಬಂದಾಗ ಏನ್ಮಾಡ್ತೀರಿ?"

"'ಮಾವಾ, ಬೀಗ!' ಅಂತ ಕೂಗ್ತೀವಿ," ಎಂದಳು ಸೊಸೆ. "ಎಲ್ಲಿದ್ರೂ ಬರ್ತಾರೆ."

"ಹಾಗಾದ್ರೆ, ಬೀಗ!"

ಪೋಸ್ಟಜ್ಜ ಬಂದ. ಕುರ್ಚಿಯ ಪಕ್ಕ ನಿಂತ. ಮುಖವನ್ನು ಪೂರ್ತಿ ಎಡಕ್ಕೆ ತಿರುಗಿಸಿ ಗೋಡೆಯ ಕ್ಯಾಲೆಂಡರನ್ನೇ ದಿಟ್ಟಿಸಿದ. ನೋಡದೆಯೇ ಬೆರಳುಗಳು ಕೀಲಿಮಣೆಯ ಮೇಲೆ ಓಡಿದವು. ಹನ್ನೆರಡು ಅಕ್ಷರ. ಎಂಟರ್ ಒತ್ತಿದ. ಆಮೇಲೆ ಬಲಗೈ ತಾನಾಗಿ ಮೇಜಿನ ತುದಿಗೆ ಹೋಗಿ ಏನನ್ನೋ ಎತ್ತಿಕೊಳ್ಳಲು ನೋಡಿತು. ಅಲ್ಲಿ ಏನೂ ಇರಲಿಲ್ಲ. ಕೈ ಹಿಂದಕ್ಕೆ ಸರಿಯಿತು.

ಇನ್ಸ್‌ಪೆಕ್ಟರಮ್ಮ ಎರಡನ್ನೂ ಕಂಡರು. ಮೊದಲನೆಯದನ್ನು ಮೊದಲು ಕೇಳಿದರು.

"ಗೋಡೆ ಯಾಕೆ ನೋಡ್ತೀರಿ?"

"ಇನ್ನೊಬ್ಬರ ಪರದೆ ಅಲ್ವಾ ತಾಯಿ. ನೋಡಬಾರದು."

"ಈಗ ಯಾವುದಕ್ಕೆ ಒಪ್ಪಿಗೆ ಕೊಟ್ರಿ, ಗೊತ್ತಾ?"

"ನನಗ್ಯಾಕೆ ಅದು? ಅದು ನಿಮ್ಮ ವಿಷಯ."

ಇನ್ಸ್‌ಪೆಕ್ಟರಮ್ಮ ಪರದೆಗೆ ತಿರುಗಿದರು. ಪಟ್ಟಿ ತೆರೆದಿತ್ತು. ಮಗ, ಸೊಸೆ, ಮೇಷ್ಟ್ರು, ಪ್ರಿಂಟು. ನಾಲ್ಕೂ ಸಾಮಾನ್ಯ ಖಾತೆ. ಐದನೆಯದು ಪೋಸ್ಟಜ್ಜನ ಯಜಮಾನ ಖಾತೆ. ಅದರ ಕೆಳಗೆ ಆರನೆಯದೊಂದಿತ್ತು. ಹೆಸರು ಪ್ರಿಂಟರ್ ಸೇವೆ. ಅದಕ್ಕೂ ಯಜಮಾನಿಕೆ.

"ಪ್ರಿಂಟರಿಗೆ ಯಾಕಪ್ಪ ಇಷ್ಟು ದೊಡ್ಡಸ್ತಿಕೆ?" ಎಂದರು.

ಒಂದು ಗಂಟೆಯಲ್ಲಿ ತಾಂತ್ರಿಕ ವಿಭಾಗದವರು ಬಂದರು. ಆ ಖಾತೆ ಹುಟ್ಟಿದ್ದು ಮೂರು ವಾರದ ಹಿಂದೆ, ಶನಿವಾರ ಸಂಜೆ ನಾಲ್ಕು ಹತ್ತಕ್ಕೆ. ಅದರ ಜೊತೆಗೆ ಒಂದು ಸಣ್ಣ ಪ್ರೋಗ್ರಾಂ ಒಳಗೆ ಕೂತಿತ್ತು. ಪ್ರತಿದಿನ ಮಧ್ಯಾಹ್ನ ಒಂದು ಗಂಟೆಗೆ ಅದು ಏಳುತ್ತಿತ್ತು. ಎಲ್ಲರ ಡಬ್ಬಿಯನ್ನೂ ತೆರೆದು, ಹೊಸ ಫೈಲುಗಳ ನಕಲು ತೆಗೆದು, ಇಂಟರ್ನೆಟ್ಟಿನಲ್ಲಿ ಹೊರಗೆ ಕಳಿಸಿ ಮತ್ತೆ ಮಲಗುತ್ತಿತ್ತು.

ಬುಧವಾರ ಒಂದು ಗಂಟೆಗೆ ಸೊಸೆ ಊಟಕ್ಕೆ ಕೂತಿದ್ದಳು. ಎಡಗಿವಿ ಇನ್ನೂ ಎಡಗಿವಿಯಾಗಿಯೇ ಇತ್ತು.

"ಕದಿಯೋಕೆ ಮನೇಲಿ ಯಾರೂ ಇರಬೇಕಾಗಿರಲಿಲ್ಲ," ಎಂದರು ಇನ್ಸ್‌ಪೆಕ್ಟರಮ್ಮ. "ಒಂದೇ ಒಂದು ಸಲ ಬಂದು ಹೋಗಿದ್ರೆ ಸಾಕಿತ್ತು. ಯಜಮಾನರೇ, ಆ ಶನಿವಾರ ಯಾರು ಬಂದಿದ್ರು?"

"ನೆನಪಿಲ್ಲ ತಾಯಿ. ಶನಿವಾರ ಪ್ರಿಂಟಿಗೆ ಎಷ್ಟೋ ಜನ."

"ಹಾಗಾದ್ರೆ ಪುಸ್ತಕ ತನ್ನಿ."

"ಯಾವ ಪುಸ್ತಕ?"

"ದಾರ ಕಟ್ಟಿದ ಪೆನ್ನು ಗಾಳಿಯಲ್ಲಿ ಬರೆಯಲ್ಲ. ಬೀಗ ಹಾಕಿದ ಕೂಡಲೇ ನಿಮ್ಮ ಕೈ ಏನನ್ನೋ ಹುಡುಕ್ತಿತ್ತು."

ಸೊಸೆಯೇ ಹೇಳಿದಳು. "ಮಾವ ತಾರೀಖು, ಸಮಯ ಬರೀತಾರೆ, ಬೀಗ ಹಾಕಿಸ್ಕೊಂಡೋರು ಅದರ ಮುಂದೆ ಸಹಿ ಮಾಡಬೇಕು ಮೇಡಂ. ರಿಜಿಸ್ಟರ್ ಕಾಗದ ಕೊಟ್ಟಾಗ ಮಾಡಿಸ್ತಾರಲ್ಲ ಹಾಗೆ. ನಾನೂ ಮಾಡ್ತೀನಿ. ನೆಂಟರು ಬಂದ್ರೂ ಬಿಡಲ್ಲ. ಮಾವಾ, ಪುಸ್ತಕ ಎಲ್ಲಿ?"

"ಅದರ ತುಂಬ ನಿನ್ನ ಸಹಿಯೇ ಇದೆಯಲ್ಲಮ್ಮ," ಎಂದ ಪೋಸ್ಟಜ್ಜ. "ಇವರು ನೋಡಿ ನಿನ್ನನ್ನೇ ಹಿಡ್ಕೊಂಡು ಹೋದ್ರೆ?"

ಸೊಸೆ ಅಳು ತಡೆದುಕೊಂಡು ಒಳಗೆ ಹೋದಳು. ಪುಸ್ತಕ ಸಿಕ್ಕಿದ್ದು ಹೂಕುಂಡಗಳ ಹಿಂದೆ, ಗೊಬ್ಬರದ ಚೀಲದಲ್ಲಿ. ಮೂರು ವಾರದ ಹಿಂದಿನ ಶನಿವಾರದ ಎದುರು ಒಂದೇ ಸಹಿ ಇತ್ತು. ಇನ್ಸ್‌ಪೆಕ್ಟರಮ್ಮ ನೋಡಿದರು. ಅದನ್ನು ಯಾರಿಗೂ ತೋರಿಸದೆ ಪುಸ್ತಕ ಮಡಚಿದರು.

*

ಬುಧವಾರ ಹನ್ನೊಂದು ಗಂಟೆಗೆ ಹೆಡ್‌ಮಾಸ್ಟರ ಕೋಣೆಯಲ್ಲಿ ಕುರ್ಚಿ ಸಾಲದೆ ಎರಡು ಬೆಂಚು ಹಾಕಿಸಬೇಕಾಯಿತು. ಸಂಗೀತದ ಟೀಚರ್, ಕಿವಿ ಡಾಕ್ಟರು, ಡ್ರಿಲ್ ಮೇಷ್ಟ್ರು, ಸೊಸೆ, ಪೋಸ್ಟಜ್ಜ. ಬೆಂಚಿನಲ್ಲಿದ್ದವರೆಲ್ಲ ಎಡಕ್ಕೆ ಬರುವ ಹಾಗೆ ಟೀಚರ್ ಬಲತುದಿಯಲ್ಲಿ ಕೂತರು; ಬಲಕ್ಕೆ ಉಳಿದದ್ದು ಹೆಡ್‌ಮಾಸ್ಟರ ಮೇಜು ಮಾತ್ರ. ಈಗ ಮುಚ್ಚಿಡುವುದೇನೂ ಇರಲಿಲ್ಲ.

"ಬೇಗ ಮುಗಿಸಿ ಮೇಡಂ, ಶಾಲೆಯ ತಪಾಸಣೆ ಹತ್ತಿರ ಬಂತು," ಎಂದರು ಹೆಡ್‌ಮಾಸ್ಟರು. ಅಟೆಂಡರ್ ಆಗಲೇ ಹಾಳೆಗಳನ್ನು ಇಡತೊಡಗಿದ್ದ.

"ಒಂದೇ ಪ್ರಶ್ನೆ. ಈ ಟೈಪಿಸ್ಟ್ ಮನೆಗೆ ನೀವು ಯಾವತ್ತಾದ್ರೂ ಹೋಗಿದ್ರಾ?"

"ಆ ಮನೆ ಯಾವ ಬೀದೀಲಿದೆ ಅಂತಲೂ ನನಗೆ ಗೊತ್ತಿಲ್ಲ."

ಪೋಸ್ಟಜ್ಜ ತಲೆ ಎತ್ತಿ ನೋಡಿದ. ಏನೋ ಹೇಳಹೊರಟ. ಯಾರ ಮನೆಗೆ ಯಾರು ಬಂದರು ಎಂದು ಹೇಳುವುದು ಅವನ ಜಾಯಮಾನವಲ್ಲ. ಮತ್ತೆ ತಲೆ ತಗ್ಗಿಸಿದ.

"ಸರಿ. ಈ ಹೇಳಿಕೆಗೊಂದು ಸಹಿ ಹಾಕಿ."

ದಫೇದಾರ ಹಾಳೆ ಮುಂದಿಟ್ಟ. ಬಾಲ ಹಿಂದಕ್ಕೆ ಓಡಿತು. ಎರಡು ಚುಕ್ಕಿ ಬಿದ್ದವು.

"ಓದಲಾ?" ಎಂದು ಇನ್ಸ್‌ಪೆಕ್ಟರಮ್ಮ ಹಾಳೆ ಎತ್ತಿಕೊಂಡರು. "'ಮೂರು ವಾರದ ಹಿಂದೆ ಶನಿವಾರ ನಾನು ಪೋಸ್ಟಜ್ಜನ ಮನೆಗೆ ಹೋಗಿ, ಕಾಗದ ಪ್ರಿಂಟ್ ತೆಗೆಯುವ ನೆಪದಲ್ಲಿ, ಆ ಮನೆಯ ಕಂಪ್ಯೂಟರಿನಲ್ಲಿ ಕಳ್ಳ ಖಾತೆ ತೆರೆದೆ.' ಕೆಳಗೆ ನಿಮ್ಮ ಸಹಿ."

ಹೆಡ್‌ಮಾಸ್ಟರ ಮುಖದ ಬಣ್ಣ ಇಳಿಯಿತು. "ಇದು ಮೋಸ! ಇದು ಕೋರ್ಟಲ್ಲಿ ನಿಲ್ಲಲ್ಲ!"

"ನಿಲ್ಲಲ್ಲ. ಅದಕ್ಕೇ ಇದನ್ನ ಹರಿದುಹಾಕ್ತೀನಿ." ಹರಿದರು. "ಮುಂದಿಟ್ಟದ್ದಕ್ಕೆ ನೀವು ಓದದೆ ಸಹಿ ಹಾಕ್ತೀರಿ ಅಂತ ಇವರೆಲ್ಲ ಕಣ್ಣಾರೆ ನೋಡಲಿ ಅಂತ ಮಾಡಿದ್ದು. ನಿಲ್ಲೋದು ಇದು."

ಬೀಗದ ಪುಸ್ತಕ ಮೇಜಿನ ಮೇಲೆ ತೆರೆದುಕೊಂಡಿತು. ಪಕ್ಕದಲ್ಲಿ ಸೋಮವಾರದ ದೂರು. ಎರಡರಲ್ಲೂ ಅದೇ ಬಾಲ, ಅದೇ ಎರಡು ಚುಕ್ಕಿ. ಪುಸ್ತಕದಲ್ಲಿ ಸಹಿಯ ಮುಂದೆ ಪೋಸ್ಟಜ್ಜನ ದುಂಡು ಅಕ್ಷರದಲ್ಲಿ ನಾಲ್ಕು ಗಂಟೆ ಹತ್ತು ನಿಮಿಷ ಎಂದಿತ್ತು.

"ವಿಷಯ ಹೀಗೆ," ಎಂದರು ಇನ್ಸ್‌ಪೆಕ್ಟರಮ್ಮ. "ಹೆಡ್‌ಮಾಸ್ಟರು ಬರೋ ವರ್ಷ ನಿವೃತ್ತರಾಗಬೇಕು. ಇನ್ನೆರಡು ವರ್ಷ ಮುಂದುವರಿಯೋಕೆ ಸಮಿತಿಯಲ್ಲಿ ಶಿಕ್ಷಕರ ಪ್ರತಿನಿಧಿ ಒಪ್ಪಬೇಕು. ಟೀಚರ್ ಒಪ್ಪಲಿಲ್ಲ. ಕಿವಿ ಕೇಳಲ್ಲ, ಅನರ್ಹರು ಅಂತ ಆದ್ರೆ ಅವರು ಸಮಿತಿಯಿಂದಲೂ ಹೊರಗೆ. ಅವರು ಅರ್ಧ ದಿನದ ರಜೆಯ ಅರ್ಜಿಗೆ ಕಿವಿ ಕ್ಲಿನಿಕ್ಕಿನ ಚೀಟಿ ಲಗತ್ತಿಸಿದ್ರು. ಅದು ಹೆಡ್‌ಮಾಸ್ಟರ ಕಣ್ಣಿಗೆ ಬಿತ್ತು. ಆ ಕ್ಲಿನಿಕ್ಕಿನ ವರದಿ ಎಲ್ಲಿ ಟೈಪ್ ಆಗುತ್ತೆ ಅಂತ ಮೇಷ್ಟ್ರು ಸಿಬ್ಬಂದಿ ಕೋಣೇಲಿ ಡಂಗುರ ಹೊಡೆದಿದ್ರು."

ಡ್ರಿಲ್ ಮೇಷ್ಟ್ರು ಸೀಟಿಯನ್ನು ಅಂಗಿಯೊಳಗೆ ತೂರಿಸಿಕೊಂಡರು.

"ಶನಿವಾರ ಸಂಜೆ ಸೊಸೆ ಕ್ಲಿನಿಕ್ಕಿಗೆ ಹೋಗ್ತಾಳೆ. ಮನೇಲಿ ಅಜ್ಜ ಒಬ್ಬರೇ. ಇವರು ಇಂಟರ್ನೆಟ್ಟಿನಲ್ಲಿ ಕೊಂಡ ಕಳ್ಳ ಪ್ರೋಗ್ರಾಮನ್ನ ಪೆನ್‌ಡ್ರೈವ್‌ಗೆ ಹಾಕ್ಕೊಂಡು ಹೋದ್ರು. ಪ್ರಿಂಟರಿಗೆ ಏನೋ ಹಾಕಬೇಕು ಅಂದ್ರು. ಚೌಕ ಬಂತು. ಹೊಸ ಪ್ರೋಗ್ರಾಂ ಒಳಗೆ ಬಿಡಲಾ ಅಂತ ಅದು ಕೇಳ್ತಿತ್ತು. ಅಜ್ಜ ಗೋಡೆ ನೋಡ್ಕೊಂಡು ಪಾಸ್‌ವರ್ಡ್ ಹಾಕಿದ್ರು. ಆಮೇಲೆ ಪುಸ್ತಕ ಮುಂದೆ ಹಿಡಿದ್ರು. ಕದಿಯೋಕೆ ಬಂದೋರು ಕೂಡ ಮುಂದಿಟ್ಟದ್ದಕ್ಕೆ ಸಹಿ ಹಾಕಿಬಿಟ್ರು. ಏನು ಪುಸ್ತಕ ಅಂತ ನೋಡಲೂ ಇಲ್ಲ."

"ಆ ಸಹಿ ಯಾರು ಬೇಕಾದ್ರೂ..." ಎಂದು ಹೆಡ್‌ಮಾಸ್ಟರು ತೊದಲಿದರು.

"ಅನುಮಾನ ಮೊದಲೇ ಬಂದಿತ್ತು. ಟೈಪಿಂಗ್ ಮನೇಲಿ ಆಗುತ್ತೆ ಅಂತ ಸೋಮವಾರ ನೀವಾಗೇ ಹೇಳಿದ್ರಿ. ಡಾಕ್ಟರ ರೋಗಿಗಳಿಗೇ ಗೊತ್ತಿಲ್ಲದ ವಿಷಯ ಅದು. ಇವತ್ತು ಆ ಮನೆಯ ಬೀದೀನೇ ಗೊತ್ತಿಲ್ಲ ಅಂದ್ರಿ. ಪಕ್ಕದ ಕೋಣೇಲಿ ನಿಮ್ಮ ಕಚೇರಿಯ ಕಂಪ್ಯೂಟರ್ ಬಿಚ್ಚಿದಾರೆ. ಇಪ್ಪತ್ತು ದಿನದ ಫೈಲು ಅದರೊಳಗಿದೆ. ಅಜ್ಜನ ಮಗ ಬಸ್ ಡಿಪೋಗೆ ಬರೆದ ರಜಾ ಅರ್ಜಿಯೂ ಇದೆ."

ಹೆಡ್‌ಮಾಸ್ಟರು ಟೀಚರ ಕಡೆ ನೋಡಿದರು. ಏನೋ ಮೆಲ್ಲಗೆ ಅಂದರು.

"ಜೋರಾಗಿ ಹೇಳಿ ಸಾರ್," ಎಂದರು ಟೀಚರ್. "ನೀವು ನನ್ನ ಬಲಗಡೆ ಕೂತಿದೀರಿ. ಆ ಕಿವಿ ಕೇಳಲ್ಲ. ನೀವು ಅಂಟಿಸಿದ್ದು ತಪ್ಪು ಕಿವಿ."

ಡಾಕ್ಟರು ಸೊಸೆಯ ಮುಂದೆ ಬಂದು ನಿಂತರು. ಶನಿವಾರ ಎಂದಿನ ಹಾಗೆ ಬಾ ಎಂದರು. ಸೊಸೆ ತಲೆಯಾಡಿಸಿದಳು. ಮೂರು ದಿನದಿಂದ ಬಿಗಿಹಿಡಿದಿದ್ದ ಅಳು ಆಗ ಹೊರಗೆ ಬಂತು.

*

ಪೋಸ್ಟಜ್ಜ ಮಾತ್ರ ಮಂಕಾಗಿಯೇ ಉಳಿದ. ಒಂದು ವಾರ ಕಳೆದ ಮೇಲೆ ಇನ್ಸ್‌ಪೆಕ್ಟರಮ್ಮ ಪುಸ್ತಕದ ನಕಲಿಗೆ ಅವನ ಸಹಿ ಪಡೆಯಲು ಮನೆಗೆ ಹೋದರು. ಕಂಪ್ಯೂಟರನ್ನು ಪೂರ್ತಿ ತೊಳೆದು ಹೊಸದಾಗಿ ಕಟ್ಟಿಕೊಟ್ಟಿದ್ದರು. ನಾಲ್ಕು ಖಾತೆ, ಒಂದು ಯಜಮಾನಿಕೆ, ಹೊಸ ಪಾಸ್‌ವರ್ಡು.

"ಮೂವತ್ತೈದು ವರ್ಷ ಒಬ್ಬರ ಕಾಗದ ಒಡೆದವನಲ್ಲ ನಾನು," ಎಂದ ಪೋಸ್ಟಜ್ಜ. "ಕೊನೆಗೆ ಎಲ್ಲರ ಕಾಗದವೂ ನನ್ನ ಕೈಯಿಂದಲೇ ಒಡೆದುಹೋಯ್ತು. ಆ ಟೀಚರಮ್ಮನಿಗೆ ಮುಖ ತೋರಿಸೋದು ಹೇಗೆ?"

"ಒಂದು ಕೇಳ್ತೀನಿ ಯಜಮಾನರೇ. ಕಾಗದ ಕೊಡೋವಾಗ ಲಕೋಟೆಯ ಮೇಲಿನ ವಿಳಾಸ ಓದ್ತಿದ್ರಾ?"

"ಓದದೆ? ಯಾರಿಗೆ ಕೊಡಬೇಕು, ಯಾರು ಕಳಿಸಿದಾರೆ ಅಂತ ನೋಡದೆ ಕೊಡೋಕಾಗುತ್ತಾ?"

"ಆ ಚೌಕದಲ್ಲಿ ಇರೋದು ಕಾಗದ ಅಲ್ಲ. ಲಕೋಟೆ. ಏನು ಒಳಗೆ ಬರ್ತಿದೆ, ಯಾರು ಕಳಿಸಿದಾರೆ, ಅಷ್ಟೇ ಅದರಲ್ಲಿ ಬರೆದಿರುತ್ತೆ. ಅದನ್ನ ಓದೋದು ನಿಮ್ಮ ಕೆಲಸ."

ಅಷ್ಟರಲ್ಲಿ ಹಾಲಿನಿಂದ ಕೂಗು ಬಂತು. ಮಗನಿಗೆ ಅವತ್ತು ರಜೆ. ಎಲ್ಲಿಂದಲೋ ಲಾರಿ ಓಡಿಸುವ ಆಟವೊಂದನ್ನು ಇಳಿಸಿಕೊಂಡಿದ್ದ. ದಿನವಿಡೀ ಬಸ್ ಓಡಿಸಿದ್ದು ಅವನಿಗೆ ಸಾಲದು.

"ಅಪ್ಪಾ, ಬೀಗ!"

ಪೋಸ್ಟಜ್ಜ ಎದ್ದ. ಕುರ್ಚಿಯ ಪಕ್ಕ ನಿಂತ. ಅಭ್ಯಾಸಬಲದಿಂದ ಮುಖ ಕ್ಯಾಲೆಂಡರಿನ ಕಡೆ ತಿರುಗಿತು. ಅಲ್ಲೇ ಒಂದು ಕ್ಷಣ ನಿಂತಿತು. ಆಮೇಲೆ ಅವನು ಜೇಬಿನಿಂದ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ, ಪರದೆಗೆ ಬಗ್ಗಿದ. ಒಂದೊಂದು ಪದದ ಕೆಳಗೂ ಬೆರಳಿಟ್ಟು ಜೋರಾಗಿ ಓದತೊಡಗಿದ.

"ಬೇಗ ಹಾಕಪ್ಪ," ಎಂದ ಮಗ.

"ಸುಮ್ನಿರು." ಬೆರಳು ಮೂರನೆಯ ಸಾಲಿನಲ್ಲಿ ನಿಂತಿತು. "ಇಲ್ಲಿ ನೋಡು. ಕಳಿಸಿದವರು: ಅಪರಿಚಿತ."

"ಆಟ ಅಷ್ಟೇ ಅಪ್ಪ, ಏನಾಗಲ್ಲ."

ಪೋಸ್ಟಜ್ಜ ಬೇಡ ಎಂಬ ಗುಂಡಿಯನ್ನು ಒತ್ತಿದ. ದಾರದ ಪೆನ್ನು ಎಳೆದುಕೊಂಡು, ಹೊಸ ಪುಸ್ತಕ ತೆರೆದು, ತಾರೀಖು ಬರೆದು, ಸಮಯ ಬರೆದು, ಅದರ ಮುಂದೆ ಮೂವತ್ತೈದು ವರ್ಷ ಬರೆದು ಪಳಗಿದ ಮಾತನ್ನೇ ದುಂಡಾಗಿ ಬರೆದ.

ಕಳುಹಿಸಿದವರಿಗೆ ವಾಪಸ್.